ಬೆರಳು ಮುಟ್ಟಿದರೂ ತೆರೆಯದ ಬೀಗ
ಪಾಸ್‌ವರ್ಡ್ ಮ್ಯಾನೇಜರ್‌ಗಳ ಬೆರಳಚ್ಚು ವ್ಯವಸ್ಥೆ: ತೊಡಕುಗಳು, ಕಾರಣಗಳು ಮತ್ತು ಉದ್ದಿಮೆದಾರರು ವಹಿಸಬೇಕಾದ ಎಚ್ಚರಿಕೆ

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಸಾಗುವವರಿಗೆ ನೆಲಮಂಗಲದ ಮಗ್ಗುಲಲ್ಲಿರುವ ಅರಿಶಿನಕುಂಟೆ ಅಪರಿಚಿತವಲ್ಲ. ಪುಣೆ, ಮುಂಬಯಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಹಾಗೂ ಹಾಸನ, ಮಂಗಳೂರಿನತ್ತ ಕವಲೊಡೆಯುವ ರಾಷ್ಟ್ರೀಯ ಹೆದ್ದಾರಿ 75 ನೆಲಮಂಗಲದಲ್ಲಿ ಸಂಧಿಸುತ್ತವೆ. ಒಂದು ದಿಕ್ಕಿಗೆ ಪೀಣ್ಯ, ಇನ್ನೊಂದು ದಿಕ್ಕಿಗೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ. ಆದಕಾರಣ ಈ ಭಾಗದಲ್ಲಿ ಗೋದಾಮುಗಳೂ ಸರಕು ಸಾಗಣೆ ಕಚೇರಿಗಳೂ ನೆಲೆಯೂರಿವೆ.

ಇಂತಹದೊಂದು ಗೋದಾಮಿನ ಸಂಜೆಯನ್ನು ಕಲ್ಪಿಸಿಕೊಳ್ಳಬಹುದು. ಹುಬ್ಬಳ್ಳಿಗೆ ಹೋಗಬೇಕಾದ ಸರಕು ಲಾರಿಗೆ ತುಂಬಿಯಾಗಿದೆ. ಹಗ್ಗ ಬಿಗಿದು, ಟಾರ್ಪಾಲು ಹೊದಿಸಿ, ಚಾಲಕನು ಕಾಗದಪತ್ರಗಳಿಗಾಗಿ ಕಾದು ನಿಂತಿದ್ದಾನೆ. ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿರುವುದರಿಂದ ಇ-ವೇ ಬಿಲ್ ಇಲ್ಲದೆ ಲಾರಿ ಕದಲುವಂತಿಲ್ಲ. ಲೆಕ್ಕಪತ್ರ ವಿಭಾಗದ ಗುಮಾಸ್ತರು ಎಂದಿನಂತೆ ಕಚೇರಿಯ ಮೊಬೈಲ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಬೆರಳು ಇಡುತ್ತಾರೆ. ತಂತ್ರಾಂಶ ಒಪ್ಪುವುದಿಲ್ಲ. ಬೆರಳಚ್ಚಿನ ವ್ಯವಸ್ಥೆಯಲ್ಲಿ ಬದಲಾವಣೆ ಆಗಿದೆ, ಮಾಸ್ಟರ್ ಪಾಸ್‌ವರ್ಡ್ ನಮೂದಿಸಿ ಎಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಆ ಮಾಸ್ಟರ್ ಪಾಸ್‌ವರ್ಡನ್ನು ಎರಡು ವರ್ಷಗಳ ಹಿಂದೆ ಒಮ್ಮೆ ಒತ್ತಿದ್ದು; ಆಮೇಲೆ ಬೆರಳೇ ಎಲ್ಲ ಕೆಲಸ ಮಾಡಿತ್ತು. ಈಗ ಅದು ಯಾರ ನೆನಪಿನಲ್ಲಿಯೂ ಇಲ್ಲ.

ಸರಕು, ಲಾರಿ, ಚಾಲಕ ಎಲ್ಲ ಸಿದ್ಧವಿದ್ದರೂ ವ್ಯಾಪಾರ ನಿಂತಿದೆ. ಬಿಲ್ ಇಲ್ಲದೆಯೇ ಲಾರಿ ಕಳುಹಿಸುವ ಯೋಚನೆ ಯಾರಿಗಾದರೂ ಬಂದರೆ ಅದು ದುಬಾರಿಯಾದೀತು. ಮಾರ್ಗದಲ್ಲಿ ತಡೆದು ವಶಕ್ಕೆ ಪಡೆದ ತೆರಿಗೆಯುಕ್ತ ಸರಕನ್ನು ಮಾಲೀಕರು ಬಿಡಿಸಿಕೊಳ್ಳಬೇಕಾದರೆ ತೆರಿಗೆಯ ಶೇಕಡಾ 200ರಷ್ಟು ದಂಡ ತೆರಬೇಕೆಂದು ಜಿಎಸ್‌ಟಿ ಕಾನೂನಿನ 129ನೇ ಪ್ರಕರಣ ಹೇಳುತ್ತದೆ.

ಇಂತಹ ಸಂದರ್ಭದಲ್ಲಿ ಮೊದಲು ಬರುವ ಮಾತು "ಫೋನ್ ಕೆಟ್ಟಿದೆ" ಎಂಬುದು. ಬಹುಪಾಲು ಫೋನ್ ಕೆಟ್ಟಿರುವುದಿಲ್ಲ. ತನಗೆ ವಹಿಸಿದ ಕಾವಲು ಕೆಲಸವನ್ನು ಅದು ನಿಷ್ಠೆಯಿಂದ ಮಾಡಿರುತ್ತದೆ. ಅದರ ಒಳವ್ಯವಸ್ಥೆಯನ್ನು ಅರಿತವರಿಗೆ ಇದು ಹತ್ತು ನಿಮಿಷದ ಅಡಚಣೆ. ಅರಿಯದೆ ಅವಸರಿಸಿದವರಿಗೆ ಸಂಸ್ಥೆಯ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಮ್ಮೆಗೇ ಕಳೆದುಕೊಳ್ಳುವ ಪ್ರಸಂಗ.

ಒಂದು ಅಂಗಡಿ, ಹತ್ತಾರು ಪಾಸ್‌ವರ್ಡ್

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದಾಗ, ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ, ಭವಿಷ್ಯ ನಿಧಿ, ಕಾರ್ಮಿಕ ವಿಮೆ, ವಿದ್ಯುತ್ ಬಿಲ್ಲು, ಎರಡು ಮೂರು ಬ್ಯಾಂಕುಗಳು, ಖರೀದಿದಾರ ಕಂಪನಿಗಳ ಜಾಲತಾಣಗಳು ಎಂದು ಸಣ್ಣ ಉದ್ದಿಮೆಯೊಂದಕ್ಕೂ ಇಂದು ಹತ್ತಾರು ಪಾಸ್‌ವರ್ಡ್‌ಗಳು ಬೇಕು.

ಇಷ್ಟನ್ನೂ ನೆನಪಿಡುವುದು ಅಸಾಧ್ಯ. ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸಿದರೆ ಒಂದು ಕಡೆ ಸೋರಿದ್ದು ಎಲ್ಲ ಕಡೆಯ ಬಾಗಿಲನ್ನೂ ತೆರೆಯುತ್ತದೆ. ಮೇಜಿನ ಮೇಲಿನ ಡೈರಿಯಲ್ಲಿ ಬರೆದಿಟ್ಟರೆ ಬಂದು ಹೋದವರೆಲ್ಲ ಓದಬಹುದು. ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶದ ಅಗತ್ಯ ಹುಟ್ಟಿದ್ದು ಇಲ್ಲಿ. ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಕೀಪಾಸ್‌ಎಕ್ಸ್‌ಸಿ ಮುಂತಾದವು ಈ ವರ್ಗಕ್ಕೆ ಸೇರಿದವು. ಎಲ್ಲ ಪಾಸ್‌ವರ್ಡ್‌ಗಳನ್ನೂ ಗೂಢಲಿಪಿಗೆ ತಿರುಗಿಸಿ ಒಂದೇ ತಿಜೋರಿಯಲ್ಲಿಟ್ಟು, ಆ ತಿಜೋರಿಯನ್ನು ಒಂದೇ ಮಾಸ್ಟರ್ ಪಾಸ್‌ವರ್ಡ್‌ನಿಂದ ತೆರೆಯುವುದು ಇವುಗಳ ಕ್ರಮ. ಮಾಸ್ಟರ್ ಪಾಸ್‌ವರ್ಡ್ ಉದ್ದವಾಗಿರಬೇಕು. ಉದ್ದವಾದದ್ದನ್ನು ದಿನಕ್ಕೆ ಇಪ್ಪತ್ತು ಬಾರಿ ಒತ್ತುವುದು ತ್ರಾಸದಾಯಕ. ಅದಕ್ಕಾಗಿಯೇ ಬೆರಳಚ್ಚಿನ ಅನುಕೂಲ ಕಲ್ಪಿಸಲಾಗಿದೆ.

ಹೆಬ್ಬೆಟ್ಟಿನ ಹಿಂದಿನ ಕಥೆ

ನಮ್ಮ ನಾಡಿನಲ್ಲಿ "ಹೆಬ್ಬೆಟ್ಟು" ಎಂಬ ಮಾತು ಬಹುಕಾಲ ಅನಕ್ಷರತೆಯ ಗುರುತಾಗಿತ್ತು. ಸಹಿ ಬಾರದವರು ಪತ್ರಕ್ಕೆ ಹೆಬ್ಬೆರಳು ಒತ್ತುತ್ತಿದ್ದರು. ಆದರೆ ಬೆರಳಚ್ಚಿನ ಆಧುನಿಕ ಬಳಕೆಯ ಮೊದಲ ಪ್ರಸಂಗಗಳಲ್ಲಿ ಒಂದು ನಡೆದದ್ದು ವ್ಯಾಪಾರದ ಕರಾರಿನಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷಲ್, ರಸ್ತೆಗೆ ಹಾಸುವ ಸಾಮಗ್ರಿಯನ್ನು ಪೂರೈಸಲು ಒಪ್ಪಿದ್ದ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಅಂಗೈಯ ಮುದ್ರೆ ಒತ್ತಿಸಿಕೊಂಡನು. ಮುಂದೆ ಮಾತು ತಪ್ಪದಿರಲಿ ಎಂಬುದು ಅದರ ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. ಅಲ್ಲಿನ ವರ್ಗೀಕರಣ ವಿಧಾನವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಅಧಿಕಾರಿಗಳ ಶ್ರಮ ದೊಡ್ಡದು; ಆ ವಿಧಾನ ಪ್ರಸಿದ್ಧವಾದದ್ದು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ.

2013ರಲ್ಲಿ ಆಪಲ್ ಸಂಸ್ಥೆ ಐಫೋನ್ 5ಎಸ್‌ನಲ್ಲಿ ಬೆರಳಚ್ಚು ಸಂವೇದಕವನ್ನೂ ಅದರ ಜೊತೆಗೆ ಪ್ರತ್ಯೇಕವಾದ ಸುರಕ್ಷಾ ವಿಭಾಗವನ್ನೂ ಅಳವಡಿಸಿತು. 2015ರಲ್ಲಿ ಆಂಡ್ರಾಯ್ಡ್ 6 ಬೆರಳಚ್ಚಿಗೆ ಏಕರೂಪದ ವ್ಯವಸ್ಥೆ ಒದಗಿಸಿತು. ಅದೇ ವರ್ಷ ವಿಂಡೋಸ್ 10ರ ಜೊತೆಗೆ ವಿಂಡೋಸ್ ಹಲೋ ಬಂದಿತು. ಕರಾರಿನ ಕಾಗದದ ಮೇಲಿದ್ದ ಬೆರಳು ಹೀಗೆ ಜೇಬಿನಲ್ಲಿರುವ ತಿಜೋರಿಯ ಬಾಗಿಲಿಗೆ ಬಂದು ನಿಂತಿತು.

ಬೆರಳು ಬೀಗದ ಕೈ ಅಲ್ಲ, ಕಾವಲುಗಾರನಿಗೆ ತೋರಿಸುವ ಮುಖ

ಬೆರಳೇ ಬೀಗದ ಕೈ ಎಂದು ಅನೇಕರು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಇದನ್ನು ಅರಿಯಲು ವ್ಯಾಪಾರಿಗಳಿಗೆ ಪರಿಚಿತವಾದ ಡಿಜಿಟಲ್ ಸಹಿಯ ಟೋಕನ್ ನೆರವಾಗುತ್ತದೆ. ಕಂಪನಿಗಳು ಜಿಎಸ್‌ಟಿ ವಿವರಪಟ್ಟಿಗೆ ಸಹಿ ಹಾಕಲು ಬಳಸುವ ಆ ಚಿಕ್ಕ ಯುಎಸ್‌ಬಿ ಸಾಧನದೊಳಗೆ ಗುಪ್ತ ಕೀಲಿಯೊಂದಿರುತ್ತದೆ. ಅದನ್ನು ಹೊರತೆಗೆದು ನಕಲು ಮಾಡುವಂತಿಲ್ಲ. ಸರಿಯಾದ ಪಿನ್ ಕೊಟ್ಟಾಗ ಟೋಕನ್ ತನ್ನೊಳಗೇ ಸಹಿ ಮಾಡಿ ಫಲಿತಾಂಶವನ್ನು ಮಾತ್ರ ಹೊರಗೆ ಕೊಡುತ್ತದೆ. ಟೋಕನ್ ಕಳೆದರೆ ಆ ಕೀಲಿಯೂ ಕಳೆದಂತೆ, ಹೊಸದನ್ನೇ ಮಾಡಿಸಬೇಕು.

ಮೊಬೈಲ್ ಮತ್ತು ಗಣಕಯಂತ್ರಗಳಲ್ಲಿ ಇದೇ ಬಗೆಯ ಟೋಕನ್ ಯಂತ್ರದೊಳಗೇ ಹುದುಗಿದೆ ಎಂದು ತಿಳಿಯಬಹುದು. ಐಫೋನ್‌ನಲ್ಲಿ ಅದರ ಹೆಸರು ಸೆಕ್ಯೂರ್ ಎನ್‌ಕ್ಲೇವ್. ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರೊಸೆಸರಿನ ಸುರಕ್ಷಿತ ವಿಭಾಗವು ಈ ಕೆಲಸ ಮಾಡುತ್ತದೆ. 2018ರ ಆಂಡ್ರಾಯ್ಡ್ 9ರಿಂದ ಈಚೆಗೆ ಕೆಲವು ಫೋನ್‌ಗಳಲ್ಲಿ ಇದಕ್ಕಾಗಿ ಬೇರೆಯೇ ಚಿಪ್ ಇದೆ. ವಿಂಡೋಸ್ ಗಣಕಗಳಲ್ಲಿ ಅದು ಟಿಪಿಎಂ. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಇರಲೇಬೇಕೆಂದು ವಿಧಿಸಿತು.

ಮಾಸ್ಟರ್ ಪಾಸ್‌ವರ್ಡ್‌ನಿಂದ ತಿಜೋರಿ ತೆರೆದಿರುವಾಗ "ಬೆರಳಚ್ಚು ಬಳಸಿ" ಎಂದು ಆಯ್ದರೆ, ತಂತ್ರಾಂಶವು ತಿಜೋರಿಯ ಕೀಲಿಯ ಪ್ರತಿಯೊಂದನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಬೀಗದ ಕೈಯನ್ನು ಚಿಪ್‌ಗೆ ಒಪ್ಪಿಸುತ್ತದೆ. ಚಿಪ್ ಒಬ್ಬ ಕಾವಲುಗಾರ. ನೋಂದಾಯಿತ ಬೆರಳು ಕಂಡಾಗ ಮಾತ್ರ ಅದು ಪೆಟ್ಟಿಗೆ ತೆರೆಯುತ್ತದೆ. ಬೆರಳಚ್ಚಿನ ವಿವರ ಯಂತ್ರದಿಂದ ಹೊರಗೆ ಹೋಗುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್‌ಗೆ ದೊರೆಯುವುದು "ಸರಿ" ಅಥವಾ "ಸರಿಯಲ್ಲ" ಎಂಬ ಉತ್ತರ ಮತ್ತು ಸರಿಯಾದಾಗ ಆ ಕೀಲಿ, ಇಷ್ಟೇ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಚಿಪ್ ತನ್ನ ಬೀಗದ ಕೈಯನ್ನು ನಾಶಮಾಡಿದರೂ ತಿಜೋರಿಗೆ ಏನೂ ಆಗುವುದಿಲ್ಲ. ಒಳಗಿನ ಪಾಸ್‌ವರ್ಡ್‌ಗಳೆಲ್ಲ ಹಾಗೆಯೇ ಇರುತ್ತವೆ. ಆದರೆ ಆಗ ಉಳಿಯುವ ದಾರಿ ಮಾಸ್ಟರ್ ಪಾಸ್‌ವರ್ಡ್ ಒಂದೇ. ಅದು ತಂತ್ರಾಂಶದ ಕಂಪನಿಯ ಬಳಿಯೂ ಇರುವುದಿಲ್ಲ. ಗ್ರಾಹಕರ ತಿಜೋರಿಯನ್ನು ತಾವೂ ತೆರೆಯಲಾಗದಂತೆ ಕಟ್ಟಿರುವುದೇ ಈ ಸೇವೆಗಳ ಭರವಸೆ.

ನಿರಾಕರಣೆಗೆ ಕಾರಣಗಳು

ಬೆರಳಿನದೇ ತೊಂದರೆ. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕಾಗಿ ಬೆರಳು ಒತ್ತಿ ಒತ್ತಿ ಸೋತ ವೃದ್ಧರನ್ನೂ ಕೂಲಿಕಾರರನ್ನೂ ನಾಡಿನ ಎಲ್ಲ ಊರುಗಳೂ ಕಂಡಿವೆ. ಸಿಮೆಂಟು, ಸುಣ್ಣ, ಲೋಹದ ಕೆಲಸ ಮಾಡುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ಒಣಚರ್ಮ, ಎಣ್ಣೆ, ಬೆವರು, ಗಾಯದ ಪಟ್ಟಿ ಇವೂ ಸಂವೇದಕವನ್ನು ಗಲಿಬಿಲಿಗೊಳಿಸುತ್ತವೆ. ಪರದೆಯ ಕೆಳಗೆ ಸಂವೇದಕವಿರುವ ಫೋನ್‌ಗಳಿಗೆ ಮೇಲೆ ಅಂಟಿಸಿದ ದಪ್ಪ ಗಾಜಿನ ಹಾಳೆಯೂ ಅಡ್ಡಿ.

ಅವಧಿಯ ನಿಯಮ. ಯಂತ್ರವನ್ನು ಆರಿಸಿ ಪುನಃ ಹೊತ್ತಿಸಿದಾಗ ಮೊದಲ ಸಲ ಪಿನ್ ಕೊಡಲೇಬೇಕು. ಆಂಡ್ರಾಯ್ಡ್ ಫೋನ್‌ಗಳು ಪಿನ್ ಕೊಟ್ಟು 72 ಗಂಟೆ ಕಳೆದರೆ ಮತ್ತೊಮ್ಮೆ ಪಿನ್ ಕೇಳುತ್ತವೆ. ಐಫೋನ್ 48 ಗಂಟೆ ಬಳಕೆಯಾಗದಿದ್ದರೆ ಅಥವಾ ಐದು ಬಾರಿ ಬೆರಳು ತಪ್ಪಿದರೆ ಪಾಸ್‌ಕೋಡ್ ಕೇಳುತ್ತದೆ. ವಾರಾಂತ್ಯದ ಬಿಡುವಿನ ನಂತರ ಸೋಮವಾರ ಬೆಳಿಗ್ಗೆ ಕಾಣುವ ತೊಡಕಿಗೆ ಅನೇಕ ವೇಳೆ ಇದೇ ಕಾರಣ. ಕೆಲವು ಪಾಸ್‌ವರ್ಡ್ ಮ್ಯಾನೇಜರ್‌ಗಳು ಮುಚ್ಚಿ ತೆರೆದಾಗಲೆಲ್ಲ ಮೊದಲ ಸಲ ಮಾಸ್ಟರ್ ಪಾಸ್‌ವರ್ಡನ್ನೇ ಕೇಳುತ್ತವೆ, ಅದು ದೋಷವಲ್ಲ.

ಹೊಸ ಬೆರಳಿನ ಸೇರ್ಪಡೆ. ಅರಿಶಿನಕುಂಟೆಯ ಆ ಕಲ್ಪಿತ ಗೋದಾಮಿನಲ್ಲಿ ಹಿಂದಿನ ದಿನ ನಡೆದಿರಬಹುದಾದದ್ದು ಇದು. ಗುಮಾಸ್ತರು ಊಟಕ್ಕೆ ಹೋದಾಗಲೂ ಕೆಲಸ ನಿಲ್ಲದಿರಲಿ ಎಂದು ಸಹಾಯಕನ ಬೆರಳನ್ನೂ ಅದೇ ಫೋನ್‌ಗೆ ಸೇರಿಸಲಾಗಿದೆ. ಫೋನಿನ ಪಿನ್ ಕದ್ದು ನೋಡಿದ ಕಳ್ಳನೂ ಮೊದಲು ಮಾಡುವುದು ಇದನ್ನೇ: ತನ್ನ ಬೆರಳನ್ನು ಸೇರಿಸಿ, ಬಳಿಕ ತಿಜೋರಿ ತೆರೆಯಲು ನೋಡುತ್ತಾನೆ. ಸಹಾಯಕನಾರು, ಕಳ್ಳನಾರು ಎಂದು ಚಿಪ್‌ಗೆ ತಿಳಿಯದು. ಆದ್ದರಿಂದ ಬೆರಳುಗಳ ಪಟ್ಟಿ ಬದಲಾದೊಡನೆ ತನ್ನ ಬಳಿಯಿದ್ದ ಕೀಲಿಯನ್ನು ಅದು ಶಾಶ್ವತವಾಗಿ ನಿರುಪಯುಕ್ತಗೊಳಿಸುತ್ತದೆ. ಫೋನಿನ ಪರದೆ ಬೀಗವನ್ನು ತೆಗೆದುಹಾಕಿದರೂ ಇದೇ ಫಲ.

ಇಲ್ಲೊಂದು ಬಲೆ ಅಡಗಿದೆ. ಬೆರಳು ಸರಿಯಾಗಿ ಓದಿಕೊಳ್ಳುತ್ತಿಲ್ಲವೆಂದು ಹಳೆಯ ಬೆರಳಚ್ಚನ್ನು ಅಳಿಸಿ ಹೊಸದಾಗಿ ನೋಂದಾಯಿಸುವುದು ಸಾಮಾನ್ಯರು ಮಾಡುವ ಮೊದಲ ರಿಪೇರಿ. ಚಿಪ್ ಅದನ್ನೂ ಹೊಸ ಬೆರಳೆಂದೇ ಎಣಿಸುತ್ತದೆ. ಸಣ್ಣ ತೊಂದರೆಗೆ ಮಾಡಿದ ಮದ್ದೇ ಬಾಗಿಲನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮಾಸ್ಟರ್ ಪಾಸ್‌ವರ್ಡ್ ಕೈಯಲ್ಲಿದೆಯೆಂದು ಖಚಿತವಾಗುವ ತನಕ ಬೆರಳನ್ನು ಮರುನೋಂದಾಯಿಸಬಾರದು.

ಮುಖದ ಗುರುತಿನ ಮಿತಿ. ಅನೇಕ ಆಂಡ್ರಾಯ್ಡ್ ಫೋನ್‌ಗಳು ಸಾಮಾನ್ಯ ಕ್ಯಾಮೆರಾದಿಂದಲೇ ಮುಖ ಗುರುತಿಸಿ ಪರದೆ ತೆರೆಯುತ್ತವೆ. ಇಂತಹ ದುರ್ಬಲ ವಿಧಾನಕ್ಕೆ ಚಿಪ್‌ನಲ್ಲಿರುವ ಕೀಲಿಯನ್ನು ಒಪ್ಪಿಸಲು ಆಂಡ್ರಾಯ್ಡ್ ನಿಯಮಗಳು ಅವಕಾಶ ಕೊಡುವುದಿಲ್ಲ. ಪ್ರಬಲ ವರ್ಗಕ್ಕೆ ಸೇರಬೇಕಾದರೆ ಬೇರೊಬ್ಬರನ್ನು ತಪ್ಪಾಗಿ ಒಪ್ಪುವ ಸಂಭವ 50,000ಕ್ಕೆ ಒಂದನ್ನು ಮೀರಬಾರದು. ಆದಕಾರಣ ಫೋನ್ ತೆರೆದ ಮುಖಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ತೆರೆಯದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ರಿಪೇರಿ ಮತ್ತು ಯಂತ್ರ ಬದಲಾವಣೆ. ಐಫೋನ್‌ನ ಬೆರಳಚ್ಚು ಸಂವೇದಕವನ್ನು ಅದರ ಸುರಕ್ಷಾ ಚಿಪ್‌ನೊಂದಿಗೆ ಕಾರ್ಖಾನೆಯಲ್ಲಿಯೇ ಜೋಡಿಮಾಡಿರುತ್ತಾರೆ. ಹೊರಗಿನ ಅಂಗಡಿಯಲ್ಲಿ ಸಂವೇದಕ ಬದಲಿಸಿದವರ ಫೋನ್‌ಗಳು "ದೋಷ 53" ತೋರಿಸಿ ನಿಂತುಹೋದ ಪ್ರಕರಣ 2016ರಲ್ಲಿ ಜಗತ್ತಿನಾದ್ಯಂತ ಚರ್ಚೆಯಾಯಿತು. ಕಂಪನಿ ಫೋನ್‌ಗಳನ್ನು ಪುನಃ ನಡೆಯುವಂತೆ ಮಾಡಿತಾದರೂ ಬದಲಿ ಸಂವೇದಕದಲ್ಲಿ ಬೆರಳಚ್ಚು ಕೆಲಸ ಮಾಡಲಿಲ್ಲ. ಹಳೆಯ ಫೋನಿನ ಮಾಹಿತಿಯನ್ನೆಲ್ಲ ಹೊಸ ಫೋನಿಗೆ ವರ್ಗಾಯಿಸಿದರೂ ಚಿಪ್‌ನೊಳಗಿನ ಕೀಲಿ ಮಾತ್ರ ಬರುವುದಿಲ್ಲ.

ಕಚೇರಿಯ ಗಣಕಗಳಲ್ಲಿ ಮದರ್‌ಬೋರ್ಡ್ ಬದಲಿಸಿದರೆ ಟಿಪಿಎಂ ಕೂಡ ಬದಲಾದಂತೆ. ಬಯೋಸ್ ನವೀಕರಿಸಿದಾಗ ಅಥವಾ ಯಾರಾದರೂ ಟಿಪಿಎಂ ಅನ್ನು ತೆರವುಗೊಳಿಸಿದಾಗ ವಿಂಡೋಸ್ ಹಲೋದ ಪಿನ್ ಮತ್ತು ಬೆರಳಚ್ಚು ಎರಡೂ ನಿರುಪಯುಕ್ತವಾಗಬಹುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡ ಕಾರಣ ಅನೇಕ ಕಚೇರಿಗಳು ಹಳೆಯ ಗಣಕಗಳನ್ನು ಬದಲಿಸಿವೆ, ಬದಲಿಸುತ್ತಿವೆ. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಹೊಸದರಲ್ಲಿ ಮಾಸ್ಟರ್ ಪಾಸ್‌ವರ್ಡ್‌ನಿಂದ ತಿಜೋರಿ ತೆರೆದು ನೋಡುವುದು ಅಗತ್ಯ.

ಬ್ರೌಸರ್‌ನಲ್ಲಿನ ವಿಸ್ತರಣೆ. ಬ್ರೌಸರ್‌ಗೆ ಜೋಡಿಸಿದ ಪಾಸ್‌ವರ್ಡ್ ಮ್ಯಾನೇಜರ್ ಸಾಮಾನ್ಯವಾಗಿ ತಾನೇ ನೇರವಾಗಿ ಬೆರಳನ್ನು ಓದುವುದಿಲ್ಲ. ಗಣಕದಲ್ಲಿರುವ ಅದೇ ಹೆಸರಿನ ಮುಖ್ಯ ತಂತ್ರಾಂಶದ ಮೂಲಕ ಓದಿಸುತ್ತದೆ. ಉದಾಹರಣೆಗೆ ಬಿಟ್‌ವಾರ್ಡನ್‌ನಲ್ಲಿ ಮುಖ್ಯ ತಂತ್ರಾಂಶ ಚಾಲನೆಯಲ್ಲಿರಬೇಕು ಮತ್ತು ಬ್ರೌಸರ್ ಜೋಡಣೆಗೆ ಅನುಮತಿ ಕೊಟ್ಟಿರಬೇಕು. ಅದನ್ನು ಮುಚ್ಚಿಟ್ಟು ಬೆರಳನ್ನು ದೂರಿದರೆ ಪ್ರಯೋಜನವಿಲ್ಲ.

ಪರಿಶೀಲನೆಯ ಕ್ರಮ

ತೊಡಕು ಎದುರಾದಾಗ ಕೆಳಗಿನ ಅನುಕ್ರಮವನ್ನು ಪಾಲಿಸುವುದು ಕ್ಷೇಮ.

1. ಏನನ್ನೂ ಅಳಿಸಬಾರದು. ತಂತ್ರಾಂಶವನ್ನು ತೆಗೆದು ಮರುಸ್ಥಾಪಿಸುವುದು, ಅದರ ದತ್ತಾಂಶ ತೆರವುಗೊಳಿಸುವುದು, ಲಾಗ್‌ಔಟ್ ಮಾಡುವುದು, ಟಿಪಿಎಂ ತೆರವುಗೊಳಿಸುವುದು ಇವೆಲ್ಲ ಕೊನೆಯ ಉಪಾಯಗಳು. ಮಾಹಿತಿಯನ್ನು ಆ ಯಂತ್ರದಲ್ಲಿ ಮಾತ್ರ ಇರಿಸುವ ಕೀಪಾಸ್‌ಎಕ್ಸ್‌ಸಿಯಂತಹ ತಂತ್ರಾಂಶಗಳಲ್ಲಿ ತಿಜೋರಿಯ ಕಡತ ಅಳಿದರೆ, ಬೇರೆಡೆ ಪ್ರತಿ ಇಲ್ಲದ ಪಕ್ಷದಲ್ಲಿ, ಎಲ್ಲವೂ ಮುಗಿದಂತೆ.

2. ಪರದೆಯ ಮೇಲಿನ ಸೂಚನೆಯನ್ನು ಪೂರ್ತಿ ಓದಬೇಕು. "ಬೆರಳು ಹೊಂದುತ್ತಿಲ್ಲ" ಎಂಬುದು ಬೆರಳಿನ ತೊಂದರೆ. "ಹೆಚ್ಚು ಬಾರಿ ಪ್ರಯತ್ನಿಸಲಾಗಿದೆ" ಎಂಬುದು ತಾತ್ಕಾಲಿಕ ತಡೆ. "ಬದಲಾವಣೆಯಾಗಿದೆ, ಮಾಸ್ಟರ್ ಪಾಸ್‌ವರ್ಡ್ ಕೊಡಿ" ಎಂಬುದು ಕೀಲಿ ನಾಶವಾಗಿರುವುದರ ಸೂಚನೆ. ಮೂರಕ್ಕೂ ಪರಿಹಾರ ಬೇರೆ ಬೇರೆ.

3. ಬೆರಳನ್ನೂ ಸಂವೇದಕವನ್ನೂ ಒಣಬಟ್ಟೆಯಿಂದ ಒರೆಸಿ, ಫೋನನ್ನು ಒಮ್ಮೆ ಲಾಕ್ ಮಾಡಿ, ಪಿನ್‌ನಿಂದ ತೆರೆದು, ಪುನಃ ಪ್ರಯತ್ನಿಸಬೇಕು. ಅವಧಿಯ ನಿಯಮದಿಂದ ಅಥವಾ ತಪ್ಪು ಪ್ರಯತ್ನಗಳಿಂದ ಉಂಟಾದ ತಡೆ ಇಷ್ಟರಿಂದಲೇ ನಿವಾರಣೆಯಾಗುತ್ತದೆ.

4. ಫೋನಿನ ಪರದೆ ಅದೇ ಬೆರಳಿಗೆ ತೆರೆಯುತ್ತದೆಯೇ ನೋಡಬೇಕು. ಪರದೆ ತೆರೆದು ತಿಜೋರಿ ತೆರೆಯದಿದ್ದರೆ ಸಂವೇದಕ ಸರಿಯಿದೆ, ತೊಂದರೆ ಕೀಲಿಯಲ್ಲಿದೆ ಎಂದರ್ಥ.

5. ಅದೇ ತಿಜೋರಿ ಮತ್ತೊಂದು ಫೋನ್ ಅಥವಾ ಗಣಕದಲ್ಲಿ ಇನ್ನೂ ಬೆರಳಚ್ಚಿಗೆ ತೆರೆಯುತ್ತದೆಯೇ ಪರಿಶೀಲಿಸಬೇಕು. ತೆರೆದರೆ, ಆ ದಿನ ಬೇಕಾದ ಪಾಸ್‌ವರ್ಡ್‌ಗಳನ್ನು ಅಲ್ಲಿಂದಲೇ ಪಡೆಯಬಹುದು. ಆ ಯಂತ್ರದಲ್ಲಿ ಲಾಗ್‌ಔಟ್ ಮಾಡದೆ, ಬೆರಳುಗಳ ಪಟ್ಟಿಯನ್ನು ಮುಟ್ಟದೆ, ಮೊದಲು ಮುಖ್ಯವಾದವನ್ನು ಬರೆದುಕೊಳ್ಳಬೇಕು.

6. ಮಾಸ್ಟರ್ ಪಾಸ್‌ವರ್ಡ್ ದೊರೆತರೆ ಅದರಿಂದ ತಿಜೋರಿ ತೆರೆದು, ಸೆಟ್ಟಿಂಗ್‌ನಲ್ಲಿ ಬೆರಳಚ್ಚಿನ ಆಯ್ಕೆಯನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಬೇಕು. ಚಿಪ್ ಹೊಸ ಕೀಲಿಯನ್ನು ಸೃಷ್ಟಿಸಿಕೊಳ್ಳುತ್ತದೆ. ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

7. ಬೆರಳನ್ನು ಸೇರಿಸಿದವರು ಯಾರೆಂಬುದು ಕಚೇರಿಯಲ್ಲಿ ಯಾರಿಗೂ ತಿಳಿಯದಿದ್ದರೆ ಅದನ್ನು ಕಳವಿನ ಪ್ರಯತ್ನವೆಂದೇ ಭಾವಿಸಿ, ಫೋನಿನ ಪಿನ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು.

ಗಾಬರಿಯಲ್ಲಿ ಅಂತರಜಾಲದಲ್ಲಿ ಸಹಾಯವಾಣಿಯ ಸಂಖ್ಯೆ ಹುಡುಕಿ ಕರೆಮಾಡುವುದು ಅಪಾಯಕಾರಿ. ಮಾಸ್ಟರ್ ಪಾಸ್‌ವರ್ಡ್ ಇಲ್ಲದೆ ತಿಜೋರಿ ತೆರೆದುಕೊಡುತ್ತೇವೆ ಎನ್ನುವವರು, ದೂರದಿಂದ ಫೋನ್ ನಿಯಂತ್ರಿಸುವ ಆ್ಯಪ್ ಹಾಕಿಕೊಳ್ಳಿ ಎನ್ನುವವರು ವಂಚಕರೇ ಸರಿ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ನೋಂದಣಿ ಕಚೇರಿಯ ಬೆರಳಚ್ಚು ಕಲಿಸಿದ ಪಾಠ

ಇಷ್ಟೆಲ್ಲ ಕಟ್ಟುನಿಟ್ಟು ಏತಕ್ಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಕರ್ನಾಟಕದಲ್ಲಿಯೇ ದೊರೆಯುತ್ತದೆ. ಆಸ್ತಿ ನೋಂದಣಿಯ ದಸ್ತಾವೇಜುಗಳಿಗೆ ಕಾನೂನಿನ ಪ್ರಕಾರ ಪಕ್ಷಕಾರರ ಭಾವಚಿತ್ರ ಮತ್ತು ಬೆರಳಚ್ಚು ಲಗತ್ತಿಸಲಾಗುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿಯೂ ಕರಾವಳಿಯಲ್ಲಿಯೂ, ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಅವರ ಅರಿವಿಗೆ ಬಾರದಂತೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾದ ದೂರುಗಳು ಪೊಲೀಸರಿಗೆ ಬಂದವು. ಜಾಲತಾಣದಲ್ಲಿ ದೊರೆಯುವ ದಸ್ತಾವೇಜಿನ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ತೆಗೆದು, ಬೆರಳಿನ ನಕಲು ತಯಾರಿಸಿದ ಶಂಕೆಯ ಮೇಲೆ ತನಿಖೆ ನಡೆಯಿತು. ಪ್ರತಿಗಳಲ್ಲಿ ಇವು ಕಾಣದಂತೆ ಮರೆಮಾಡುವ ಕ್ರಮವನ್ನು ಇಲಾಖೆ ಕೈಗೊಂಡಿತು. ನಕಲು ಬೆರಳು ಹೊಸ ಸಂಗತಿಯೇನಲ್ಲ. ಜಿಲೆಟಿನ್‌ನಿಂದ ಮಾಡಿದ ಬೆರಳು ಅನೇಕ ಸಂವೇದಕಗಳನ್ನು ವಂಚಿಸಬಲ್ಲದೆಂದು ಜಪಾನಿನ ಪ್ರಾಧ್ಯಾಪಕ ತ್ಸುತೊಮು ಮತ್ಸುಮೊಟೊ 2002ರಲ್ಲಿಯೇ ತೋರಿಸಿದ್ದರು.

ಆಧಾರ್ ಪಾವತಿಯಲ್ಲಿ ಬೆರಳು ಯಾವ ಅಂಗಡಿಯ ಯಂತ್ರದಲ್ಲಿಯಾದರೂ ನಡೆಯುತ್ತದೆ. ಹೋಲಿಕೆ ನಡೆಯುವುದು ಕೇಂದ್ರದಲ್ಲಿ. ನಕಲು ಬೆರಳು ದೂರದ ಊರಿನಲ್ಲಿಯೂ ಉಪಯೋಗಕ್ಕೆ ಬರುವುದು ಈ ಕಾರಣದಿಂದ. ಈ ದೌರ್ಬಲ್ಯವನ್ನು ತಗ್ಗಿಸಲು ವಿಶಿಷ್ಟ ಗುರುತು ಪ್ರಾಧಿಕಾರವು ಬೆರಳು ಜೀವಂತವೇ ಎಂದು ಪರೀಕ್ಷಿಸುವ ವಿಧಾನವನ್ನು 2023ರಲ್ಲಿ ತಂದಿತು. ಬೆರಳಚ್ಚನ್ನು ಸಾಧನದ ಸುರಕ್ಷಿತ ಯಂತ್ರಾಂಶದೊಳಗೇ ಗೂಢಲಿಪಿಗೆ ತಿರುಗಿಸುವ ಎಲ್-1 ಶ್ರೇಣಿಯ ಸಾಧನಗಳತ್ತಲೂ ಹೊರಳಿತು. ಆಧಾರ್ ಬಯೊಮೆಟ್ರಿಕ್ ಅನ್ನು ಬೇಡದಾಗ ಬೀಗ ಹಾಕಿಡುವ ಅನುಕೂಲವೂ ಇದೆ.

ಮೊಬೈಲ್‌ನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಪರಿಸ್ಥಿತಿ ಭಿನ್ನ. ಬೆರಳಿನ ನಕಲಿದ್ದರೂ ಆ ನಿರ್ದಿಷ್ಟ ಫೋನ್ ಕೈಯಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಫೋನೂ ಪಿನ್ನೂ ಸಿಕ್ಕಿ ಹೊಸ ಬೆರಳು ಸೇರಿಸಿದರೂ ಚಿಪ್ ಒಪ್ಪುವುದಿಲ್ಲ. ಸಂಜೆಯ ಹೊತ್ತು ಲಾರಿಯನ್ನು ತಡೆದು ನಿಲ್ಲಿಸಿದ ಆ ಹಠವೇ ಸಂಸ್ಥೆಯ ಬ್ಯಾಂಕ್ ಖಾತೆಗಳನ್ನು ಕಾಯುವ ಹಠವೂ ಆಗಿದೆ. ಸೋರಿದ ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಬೆರಳನ್ನು ಅನುಕೂಲಕ್ಕೆ ಬಳಸಿ, ಕೊನೆಯ ಅಧಿಕಾರವನ್ನು ಪಾಸ್‌ವರ್ಡ್‌ಗೇ ಉಳಿಸಿರುವುದರ ಹಿಂದಿನ ವಿವೇಕ ಇದೇ.

ಸಂಸ್ಥೆಗಳು ಕೈಗೊಳ್ಳಬೇಕಾದ ಕ್ರಮಗಳು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವೇನು? ಬೆರಳು ಕೆಲಸ ಮಾಡುತ್ತಿರುವ ದಿನಗಳಲ್ಲಿಯೇ ಮಾಡಬೇಕಾದ ಕೆಲಸಗಳು ಕೆಲವಿವೆ.

ಮಾಸ್ಟರ್ ಪಾಸ್‌ವರ್ಡನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಮಾಲೀಕರ ಸಹಿ ಮತ್ತು ದಿನಾಂಕ ಹಾಕಿ, ಕಬ್ಬಿಣದ ಬೀರುವಿನಲ್ಲಿ ಅಥವಾ ಬ್ಯಾಂಕ್ ಲಾಕರಿನಲ್ಲಿ ಇರಿಸಬೇಕು. ಗಣಕಯುಗದಲ್ಲಿ ಕಾಗದವೇ ಎಂದು ಹಳಿಯಬೇಕಾಗಿಲ್ಲ. ಬೀರುವಿನೊಳಗಿನ ಕಾಗದವನ್ನು ದೂರದೇಶದ ಕಳ್ಳನು ಓದಲಾರನು. ಕೆಲವು ಸೇವೆಗಳು ಈ ಉದ್ದೇಶಕ್ಕೆಂದೇ ಮುದ್ರಿಸಿಡುವ ಹಾಳೆಯನ್ನು ಒದಗಿಸುತ್ತವೆ.

ತಿಂಗಳಿಗೊಮ್ಮೆ ನಿಗದಿತ ದಿನ ಬೆರಳನ್ನು ಬಿಟ್ಟು ಮಾಸ್ಟರ್ ಪಾಸ್‌ವರ್ಡ್‌ನಿಂದಲೇ ತಿಜೋರಿ ತೆರೆಯುವ ಅಭ್ಯಾಸ ಇರಬೇಕು. ಬಳಸದ ಪಾಸ್‌ವರ್ಡ್ ಮರೆತುಹೋಗುವುದು ಮನುಷ್ಯ ಸ್ವಭಾವ. ತಿಂಗಳ 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸುವವರು ಅದಕ್ಕೆ ಒಂದು ವಾರ ಮೊದಲು ಈ ಪರೀಕ್ಷೆ ನಡೆಸಿದರೆ, ವಿಳಂಬ ಶುಲ್ಕವನ್ನೂ ಬಾಕಿ ತೆರಿಗೆಯ ಮೇಲಿನ ಶೇಕಡಾ 18ರ ವಾರ್ಷಿಕ ಬಡ್ಡಿಯನ್ನೂ ತಪ್ಪಿಸಬಹುದು.

ಒಂದೇ ಫೋನಿಗೆ ನಾಲ್ವರ ಬೆರಳು ಸೇರಿಸುವ ಪದ್ಧತಿಯನ್ನು ಕೈಬಿಡಬೇಕು. ಬೇಕಾದವರಿಗೆ ಪ್ರತ್ಯೇಕ ಖಾತೆ ಕೊಟ್ಟು, ಅಗತ್ಯವಾದ ಪಾಸ್‌ವರ್ಡ್‌ಗಳನ್ನಷ್ಟೇ ಹಂಚಿಕೊಳ್ಳುವ ಸೌಲಭ್ಯ ಸಂಸ್ಥೆಗಳ ಯೋಜನೆಗಳಲ್ಲಿದೆ. ಆಗ ಯಾರಾದರೂ ಕೆಲಸ ಬಿಟ್ಟರೆ ಅವರ ಖಾತೆಯನ್ನಷ್ಟೇ ಮುಚ್ಚಿ, ಅವರು ಕಂಡಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿದರೆ ಸಾಕು. ಸಿಬ್ಬಂದಿ ಮಾಸ್ಟರ್ ಪಾಸ್‌ವರ್ಡ್ ಮರೆತಾಗ ಆಡಳಿತಾಧಿಕಾರಿಯು ಖಾತೆಯನ್ನು ಮರಳಿ ದೊರಕಿಸಿಕೊಡುವ ಏರ್ಪಾಡೂ ಇಂತಹ ಕೆಲವು ಯೋಜನೆಗಳಲ್ಲಿ ಉಂಟು. ಆದರೆ ಅದನ್ನು ಮುಂಚಿತವಾಗಿ ಸಿದ್ಧಪಡಿಸಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಮಾಸ್ಟರ್ ಪಾಸ್‌ವರ್ಡ್ ನಿಜವಾಗಿಯೂ ಕಳೆದುಹೋದರೆ, ಒಂದೊಂದು ಜಾಲತಾಣಕ್ಕೂ ಹೋಗಿ ಪಾಸ್‌ವರ್ಡನ್ನು ಹೊಸದಾಗಿ ಪಡೆಯಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಅದಕ್ಕೆ ಬೇಕಾದ ಓಟಿಪಿ ಬರುವುದು ಅಧಿಕೃತ ಸಹಿದಾರರ ಹೆಸರಿನಲ್ಲಿ ದಾಖಲಾದ ಮೊಬೈಲ್ ಮತ್ತು ಇ-ಮೇಲ್‌ಗೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾಲತಾಣದಲ್ಲಿ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿರುವುದರಿಂದ ಅಲ್ಲಿಯೂ ನೋಂದಾಯಿತ ಮೊಬೈಲ್ ಬೇಕೇ ಬೇಕು. ಸಣ್ಣ ವ್ಯಾಪಾರಿಗಳಲ್ಲಿ ಅನೇಕರು ಆರಂಭದಲ್ಲಿ ತೆರಿಗೆ ಸಲಹೆಗಾರರ ಅಥವಾ ಗುಮಾಸ್ತರ ಸಂಖ್ಯೆಯನ್ನೇ ಕೊಟ್ಟು ಮರೆತುಬಿಡುತ್ತಾರೆ. ಅವರು ಬದಲಾದಾಗ ಓಟಿಪಿಯೂ ಅವರೊಡನೆ ಹೋಗುತ್ತದೆ. ಸಂಸ್ಥೆಯ ಸ್ವಂತ ಸಂಖ್ಯೆ ಮತ್ತು ಇ-ಮೇಲ್ ದಾಖಲಾಗಿವೆಯೇ ಎಂದು ಇಂದೇ ನೋಡಿಕೊಳ್ಳುವುದು ಒಳಿತು.

ಮಾಲೀಕರಿಗೆ ಅನಾರೋಗ್ಯ ಉಂಟಾದರೆ ಅಥವಾ ಅನಿರೀಕ್ಷಿತವಾಗಿ ಮರಣ ಸಂಭವಿಸಿದರೆ ಅವರ ಬೆರಳಿನೊಂದಿಗೆ ವ್ಯವಹಾರವೂ ನಿಲ್ಲಬಾರದು. ಲಕೋಟೆ ಎಲ್ಲಿದೆ ಎಂಬುದು ಮನೆಯ ಒಬ್ಬರಿಗೆ, ಸಂಸ್ಥೆಯ ಒಬ್ಬರಿಗೆ ತಿಳಿದಿರಬೇಕು. ಬ್ಯಾಂಕ್ ಲಾಕರಿಗೆ ಎರಡು ಬೀಗದ ಕೈಗಳಿರುವಂತೆ ಇಲ್ಲಿಯೂ ಒಬ್ಬರೇ ತೆರೆಯಲಾಗದ, ಒಬ್ಬರಿಲ್ಲದಿದ್ದರೂ ಮುಚ್ಚಿಹೋಗದ ವ್ಯವಸ್ಥೆ ಬೇಕು.

ಅರಿಶಿನಕುಂಟೆಯ ಗೋದಾಮಿನ ಸಂಜೆಗೆ ಮರಳುವುದಾದರೆ, ಅದಕ್ಕೆ ಎರಡು ಮುಕ್ತಾಯಗಳು ಸಾಧ್ಯ. ಲಕೋಟೆ ಇಲ್ಲದ ಕಚೇರಿಯಲ್ಲಿ ಯಾರೋ ಅವಸರದಿಂದ ತಂತ್ರಾಂಶವನ್ನು ಅಳಿಸಿ ಮರುಸ್ಥಾಪಿಸುತ್ತಾರೆ, ಮಾರನೆಯ ದಿನದಿಂದ ಒಂದೊಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ, ಲಾರಿಯ ಕಾಯುವಿಕೆಯ ಬಾಡಿಗೆ ಏರುತ್ತದೆ. ಲಕೋಟೆ ಇರುವ ಕಚೇರಿಯಲ್ಲಿ ಮಾಲೀಕರು ಬೀರು ತೆರೆದು, ಪಾಸ್‌ವರ್ಡ್ ಓದಿ ಹೇಳಿ, ಲಕೋಟೆಗೆ ಹೊಸ ದಿನಾಂಕ ಹಾಕಿ ಮತ್ತೆ ಅಂಟಿಸುತ್ತಾರೆ. ಇ-ವೇ ಬಿಲ್ ಮುದ್ರಣವಾಗುತ್ತದೆ, ಚಾಲಕನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೆದ್ದಾರಿ ಹಿಡಿಯುತ್ತಾನೆ. ಎರಡೂ ಕಚೇರಿಗಳಲ್ಲಿ ಫೋನ್ ಒಂದೇ, ತಂತ್ರಾಂಶ ಒಂದೇ, ಬೆರಳೂ ಒಂದೇ. ವ್ಯತ್ಯಾಸವಿರುವುದು ಬೀರುವಿನೊಳಗಿನ ಒಂದು ಲಕೋಟೆಯಲ್ಲಿ. ಉದ್ದಿಮೆದಾರರು ಈ ತಿಂಗಳ ಕೆಲಸಗಳ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಳ್ಳುವುದು ಉಚಿತ.